ಒಬ್ಬರ ಚರ್ಮ ಇನ್ನೊಬ್ಬರಿಗೆ

‘ನನ್ನ ಚರ್ಮ ಸುಲಿದು ಚಪ್ಪಲಿ ಮಾಡಿಸಿಕೊಟ್ಟರೂ ನಿಮ್ಮ ಋಣ ತೀರದು’ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ದೊಡ್ಡ ಉಪಕಾರ ಪಡೆದವರು ಕೈಮುಗಿದು ಹೇಳುವ ಮಾತಿದು. ಇದನ್ನು ಕೇಳಿದಾಗ ಹನ್ನೆರಡನೆಯ ಶತಮಾನದ ಕಲ್ಯಾಣದ ಸಮಗಾರ ಹರಳಯ್ಯನ ನೆನಪಾಗದೆ ಇರದು. ತಾನು ಒಮ್ಮೆ ‘ಶರಣು’ ಎಂದರೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಎರಡು ಬಾರಿ ವಂದಿಸಿದರಲ್ಲ ಎಂಬ ಭಾರವನ್ನು ಹೊರಲಾರದೆ, ಹರಳಯ್ಯ ಮತ್ತು ಆತನ ಮಡದಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರೆಂದು ಐತಿಹ್ಯ ಹೇಳುತ್ತದೆ. ಮನುಷ್ಯ ಮತ್ತೊಬ್ಬನಿಗೆ ಕೊಡಬಹುದಾದ ಕೊನೆಯ ಕಾಣಿಕೆ ಚರ್ಮ ಎಂಬ ಭಾವನೆ ಈ ಕಥೆಯ ಬೆನ್ನಿಗಿದೆ.

ಭಕ್ತಿಯ ಕಥೆಯನ್ನು ಅಲ್ಲಿಗೇ ಬಿಟ್ಟು ವೈದ್ಯದ ಪ್ರಶ್ನೆಯನ್ನೇ ಕೇಳೋಣ. ಒಬ್ಬರ ಚರ್ಮ ಇನ್ನೊಬ್ಬರ ಮೈಗೆ ಹತ್ತುತ್ತದೆಯೇ? ಮೈ ಸುಟ್ಟುಕೊಂಡ ಮಗಳಿಗೆ ತಾಯಿ ತನ್ನ ಚರ್ಮ ಕೊಡಬಹುದೇ? ಸರಳವಾಗಿ ಕಾಣುವ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು 1943ರಲ್ಲಿ. ಆ ಉತ್ತರದಿಂದಲೇ ಮುಂದೆ ಮೂತ್ರಪಿಂಡ, ಯಕೃತ್ತು, ಹೃದಯಗಳ ಕಸಿಗೂ ದಾರಿ ತೆರೆಯಿತು. ಈ ದೀರ್ಘ ಹುಡುಕಾಟದ ಒಂದು ಮುಖ್ಯ ಘಟ್ಟ ನಮ್ಮ ಶ್ರೀರಂಗಪಟ್ಟಣದ ಯುದ್ಧಭೂಮಿಯಲ್ಲಿದೆ ಎಂಬುದು ಅನೇಕರಿಗೆ ತಿಳಿದಿರಲಾರದು.

ಹೊದಿಕೆಯಲ್ಲ, ಅಂಗ

ಚರ್ಮವನ್ನು ನಾವು ಸಾಮಾನ್ಯವಾಗಿ ದೇಹದ ಹೊದಿಕೆ ಎಂದುಕೊಳ್ಳುತ್ತೇವೆ. ವಾಸ್ತವವಾಗಿ ಅದು ಹೃದಯ, ಯಕೃತ್ತುಗಳಂತೆಯೇ ಒಂದು ಅಂಗ. ವಯಸ್ಕರ ಚರ್ಮವನ್ನು ಬಿಚ್ಚಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟಾಗುತ್ತದೆ.

ಅದರಲ್ಲಿ ಎರಡು ಮುಖ್ಯ ಪದರಗಳಿವೆ. ಮೇಲಿನದು ಹೊರಚರ್ಮ. ಮೈಯ ಬಹುಭಾಗದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಕಣ್ಣಿನ ರೆಪ್ಪೆಯಲ್ಲಿ ಇನ್ನೂ ತೆಳು, ಅಂಗಾಲಿನಲ್ಲಿ ಅದಕ್ಕಿಂತ ಹಲವು ಪಟ್ಟು ದಪ್ಪ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ತಳದ ಸಾಲಿನಲ್ಲಿರುವ ಜೀವಕೋಶಗಳು ಸದಾ ಇಬ್ಭಾಗವಾಗುತ್ತ ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಹೊಸವು ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೇರುತ್ತ ಹೋದಂತೆ ಕೋಶಗಳು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು, ಕೊನೆಗೆ ಹೊಟ್ಟಿನಂತೆ ಉದುರುತ್ತವೆ. ತಳದಿಂದ ಹೊರಟ ಕೋಶ ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಉಗುರು, ಕೂದಲುಗಳೂ ಇದೇ ಕೆರಾಟಿನ್ನಿನವು.

ಕೆಳಗಿನದು ಒಳಚರ್ಮ. ಇದು ಗಟ್ಟಿ ನಾರುಗಳ ಹೆಣಿಗೆ. ಚರ್ಮದ ಬಿಗಿ, ಎಳೆತ, ಬಾಳಿಕೆಗಳೆಲ್ಲ ಇದರಿಂದಲೇ ಬಂದವು. ಚಪ್ಪಲಿಯ ತೊಗಲು ಎಂದು ನಾವು ಬಳಸುವುದು ಪ್ರಾಣಿಗಳ ಈ ಪದರವನ್ನೇ. ರಕ್ತನಾಳಗಳು, ನರಗಳ ತುದಿಗಳು, ಕೂದಲಿನ ಬುಡಗಳು, ಬೆವರಿನ ಗ್ರಂಥಿಗಳು ಇರುವುದು ಇಲ್ಲಿ. ಬೆವರಿನ ಗ್ರಂಥಿಗಳೇ 20ರಿಂದ 40 ಲಕ್ಷ. ಬಿಸಿಲಲ್ಲಿ ಬೆವರು ಸುರಿಸಿ ಮೈ ತಂಪಾಗಿಸುವುದು, ಚಳಿಯಲ್ಲಿ ರಕ್ತನಾಳ ಬಿಗಿದು ಕಾವು ಉಳಿಸುವುದು, ಬಿಸಿಲಿನ ನೆರವಿನಿಂದ ‘ಡಿ’ ಜೀವಸತ್ವ ತಯಾರಿಸುವುದು, ಸ್ಪರ್ಶ ನೋವುಗಳ ಸುದ್ದಿ ಮುಟ್ಟಿಸುವುದು ಚರ್ಮದ ನಿತ್ಯದ ಕೆಲಸಗಳು. ಇವೆಲ್ಲಕ್ಕಿಂತ ದೊಡ್ಡದು, ಒಳಗಿನ ನೀರನ್ನು ಒಳಗೂ ಹೊರಗಿನ ರೋಗಾಣುಗಳನ್ನು ಹೊರಗೂ ಇರಿಸುವುದು. ದೊಡ್ಡ ಸುಟ್ಟಗಾಯವಾದವರು ಸಾಯುವುದು ಸಾಮಾನ್ಯವಾಗಿ ಬೆಂಕಿಯ ಬಿಸಿಯಿಂದಲ್ಲ. ಈ ಗೋಡೆ ಬಿದ್ದ ಮೇಲೆ ದೇಹದ ದ್ರವ ಹೊರಹರಿದು, ಸೋಂಕು ಒಳನುಗ್ಗಿ ಅವರು ಸಾಯುತ್ತಾರೆ.

ಹಾಲಿನ ಕೆನೆ, ಭತ್ತದ ಕಾಳು

ಚರ್ಮಕ್ಕೆ ಪದರಗಳಿವೆ ಎಂಬುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಹಂತಹಂತವಾಗಿ ರೂಪುಗೊಂಡಿತೆಂದು ವಿದ್ವಾಂಸರು ಹೇಳುವ ಸುಶ್ರುತ ಸಂಹಿತೆಯಲ್ಲಿ ಏಳು ಪದರಗಳ ವರ್ಣನೆಯಿದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಗರ್ಭದಲ್ಲಿ ಈ ಪದರಗಳು ಮೂಡುತ್ತವೆ ಎಂಬುದು ಅಲ್ಲಿನ ಹೋಲಿಕೆ. ಹೊರಗಿನದು ಅವಭಾಸಿನಿ, ಅದು ಮೈಬಣ್ಣವನ್ನು ತೋರಿಸುವ ಪದರ. ಒಳಗಿನ ಕೊನೆಯದು ಮಾಂಸಧರಾ. ಒಂದೊಂದಕ್ಕೂ ಅಳತೆಯಿದೆ, ಆ ಅಳತೆಗೆ ಭತ್ತದ ಕಾಳೇ ಮಾನ. ಅವಭಾಸಿನಿ ಕಾಳಿನ ಹದಿನೆಂಟನೆಯ ಒಂದು ಭಾಗ, ಮಾಂಸಧರಾ ಎರಡು ಕಾಳಿನಷ್ಟು. ಚರಕ ಸಂಹಿತೆ ಆರು ಪದರಗಳನ್ನಷ್ಟೇ ಹೇಳುತ್ತದೆ.

ಇಂದಿನ ಸೂಕ್ಷ್ಮದರ್ಶಕದ ಪದರಗಳಿಗೆ ಆ ಏಳನ್ನು ಒಂದಕ್ಕೊಂದು ತಾಳೆಹಾಕುವ ಸಾಹಸ ಬೇಡ. ಈ ವಿವರ ಅವರಿಗೆ ಸಿಕ್ಕಿದ್ದು ಹೇಗೆ ಎಂಬುದು ಹೆಚ್ಚು ಮುಖ್ಯ. ಶಸ್ತ್ರಚಿಕಿತ್ಸೆ ಕಲಿಯುವವನು ಶವವನ್ನು ಕಣ್ಣಾರೆ ನೋಡಿ ಕಲಿಯಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನ ಮರೆಯ ಜಾಗದಲ್ಲಿ ಏಳು ರಾತ್ರಿ ನೆನೆಸಬೇಕು. ಆಮೇಲೆ ಬೇರು, ಬಿದಿರುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಂದೊಂದನ್ನೇ ನೋಡುತ್ತ ಹೋಗಬೇಕು. ಶವವನ್ನು ಮುಟ್ಟುವುದೇ ಮೈಲಿಗೆಯೆಂದು ಬಗೆದ ಸಮಾಜದಲ್ಲಿ ಈ ವಿಧಿ ಹೆಚ್ಚು ಕಾಲ ಆಚರಣೆಯಲ್ಲಿ ಉಳಿಯಲಿಲ್ಲ. ಗ್ರಂಥ ಓದಿದವರು ಕತ್ತಿ ಹಿಡಿಯುವುದನ್ನು ಬಹುಮಟ್ಟಿಗೆ ಬಿಟ್ಟರು. ಕತ್ತಿ ಹಿಡಿದವರ ಕೈಗೆ ಗ್ರಂಥ ಸಿಗಲಿಲ್ಲ.

ಅದೇ ಗ್ರಂಥದಲ್ಲಿ ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ವಿಧಾನವೂ ಇದೆ. ಮರದ ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಬಿಡಿಸಬೇಕು. ಆದರೆ ಪೂರ್ತಿ ಕಿತ್ತು ತೆಗೆಯದೆ ಒಂದು ಕಡೆ ಅಂಟಿಕೊಂಡೇ ಇರಗೊಡಬೇಕು. ಅದನ್ನು ಮೂಗಿನ ಜಾಗಕ್ಕೆ ತಿರುಗಿಸಿ ಹೊಲಿದು, ಉಸಿರಾಟಕ್ಕೆಂದು ಎರಡು ಕೊಳವೆಗಳನ್ನಿಡಬೇಕು. ‘ಒಂದು ಕಡೆ ಅಂಟಿಕೊಂಡಿರಲಿ’ ಎಂಬ ಮಾತಿನಲ್ಲೇ ಚಿಕಿತ್ಸೆಯ ಗುಟ್ಟಿದೆ. ಆ ಅಂಟಿನ ಮೂಲಕ ರಕ್ತ ಹರಿಯುತ್ತಿರುತ್ತದೆ. ಹೊಸ ಜಾಗದಲ್ಲಿ ಬೇರೂರುವವರೆಗೆ ಚರ್ಮ ಹಳೆಯ ಜಾಗದ ಅನ್ನವನ್ನೇ ಉಣ್ಣುತ್ತದೆ.

ಶ್ರೀರಂಗಪಟ್ಟಣದಲ್ಲಿ ಹೋದ ಮೂಗು

ಮೂಗಿಗೂ ಮಾನಕ್ಕೂ ನಮ್ಮಲ್ಲಿ ಬಿಡಿಸಲಾಗದ ನಂಟು. ರಾಮಾಯಣದ ಶೂರ್ಪನಖಿಯಿಂದ ಹಿಡಿದು ಮೂಗು ಕೊಯ್ಯುವುದೆಂದರೆ ಕೊಲ್ಲದೆ ಅವಮಾನಿಸುವ ಶಿಕ್ಷೆ. ವ್ಯಭಿಚಾರದ ಶಂಕೆಯಿಂದ ಹೆಂಗಸರ ಮೂಗು ಕೊಯ್ದ ಪ್ರಸಂಗಗಳು ದೇಶದ ಅನೇಕ ಕಡೆ ದಾಖಲಾಗಿವೆ. ಯುದ್ಧದಲ್ಲಿಯೂ ಇದು ನಡೆಯುತ್ತಿತ್ತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕಾಳಗಕ್ಕೆ ‘ಮೂಗಿನ ಯುದ್ಧ’ ಎಂಬ ಹೆಸರೇ ಬಿದ್ದಿದೆ. ಇಂಥ ಶಿಕ್ಷೆ ಇದ್ದ ಕಡೆ ಅದಕ್ಕೆ ಮದ್ದು ಬಲ್ಲವರೂ ಇದ್ದರು.

1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಎಂಬ ಮರಾಠಿ ರೈತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ. ಅಂದಿನ ಸೈನ್ಯಗಳು ಹೊಟ್ಟೆಗೂ ಮದ್ದುಗುಂಡಿಗೂ ಎತ್ತುಗಳನ್ನೇ ನೆಚ್ಚಿದ್ದವು. ಈತ ಟಿಪ್ಪುವಿನ ಸೈನಿಕರ ಕೈಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಇಂಗ್ಲಿಷರ ವರದಿ ಹೇಳುತ್ತದೆ. ಮುಂದೆ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿಕೊಂಡ ಆತನಿಗೆ ಕಂಪನಿ ಸರ್ಕಾರ ಪಿಂಚಣಿ ಕೊಟ್ಟಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಬಳಿ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿದ. ಕಟ್ಟಿದವನು ಪಂಡಿತನಲ್ಲ, ಇಟ್ಟಿಗೆ ಮಾಡುವ ಜಾತಿಯವನು. ವರದಿಯಲ್ಲಿ ಜಾತಿ ಇದೆ, ಹೆಸರಿಲ್ಲ.

ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಈ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ನೋಡಿದರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕಾವಸ್‌ಜಿಯ ಚಿತ್ರ ಬರೆದ. ಅದರ ವಿವರ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾಯಿತು.

ವಿಧಾನ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯಿಂದ ಅಂದವಾದ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸಿ, ಎರಡು ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಅಂಟಿಕೊಂಡಿರಲು ಬಿಟ್ಟರು. ಮೂಗಿನ ಬುಡದ ಹಳೆಯ ಕಲೆಯನ್ನು ಕೆರೆದು ಹಸಿಯಾಗಿಸಿ, ಸುತ್ತ ಒಂದು ಸೀಳು ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಿ ಅದರ ಅಂಚನ್ನು ಸೀಳಿನೊಳಗೆ ಕೂರಿಸಿದರು. ಹೊಲಿಗೆ ಇಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರು. ನಾಲ್ಕು ದಿನದ ಬಳಿಕ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆ ತುರುಕಿದರು. ಸುಮಾರು 25ನೆಯ ದಿನ ಹುಬ್ಬುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದರು. ಈ ಚಿಕಿತ್ಸೆ ಭಾರತದಲ್ಲಿ ಅಪರೂಪದ್ದಲ್ಲ, ಬಹಳ ಕಾಲದಿಂದ ನಡೆದುಬಂದದ್ದು ಎಂದು ವರದಿ ತಿಳಿಸುತ್ತದೆ.

ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮ, ಇಲ್ಲಿ ಹಣೆಯದು. ಗ್ರಂಥದಲ್ಲಿ ಎಲೆ, ಇಲ್ಲಿ ಮೇಣ. ಹೀಗೆ ಬದಲಾಗುತ್ತ, ಬಾಯಿಂದ ಬಾಯಿಗಲ್ಲ, ಕೈಯಿಂದ ಕೈಗೆ ಈ ವಿದ್ಯೆ ದಾಟಿಬಂದಿರಬೇಕು. ಅದನ್ನು ಬಲ್ಲವರು ಬರೆದಿಡಲಿಲ್ಲ. ಬರೆಯಬಲ್ಲವರು ಅದನ್ನು ಕೇಳಲಿಲ್ಲ. ಲಂಡನ್ನಿನ ಪತ್ರಿಕೆಯ ಕೆಲವು ಪ್ಯಾರಾಗಳು ಇಲ್ಲದಿದ್ದರೆ ಪುಣೆಯ ಆ ಹೆಸರಿಲ್ಲದ ಕುಶಲಿಯ ಕೆಲಸ ನಮಗೆ ತಿಳಿಯುತ್ತಲೇ ಇರಲಿಲ್ಲ.

ಲಂಡನ್ನಿನಲ್ಲಿ ಭಾರತೀಯ ಮೂಗು

ಯೂರೋಪಿಗೂ ಮೂಗು ಕಟ್ಟುವ ವಿದ್ಯೆ ಹೊಸದಾಗಿರಲಿಲ್ಲ. ಇಟಲಿಯ ಬೊಲೋನ್ಯಾದ ಗಾಸ್ಪಾರೆ ತಾಲ್ಯಾಕೋಜ್ಜಿ 1597ರಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ದ. ಅವನದು ತೋಳಿನ ಚರ್ಮ. ತೋಳನ್ನು ಮುಖಕ್ಕೆ ಬಿಗಿದು ಕಟ್ಟಿ ರೋಗಿ ವಾರಗಟ್ಟಲೆ ಹಾಗೆಯೇ ಇರಬೇಕಾಗಿತ್ತು. ಆತನ ನಂತರ ಆ ವಿದ್ಯೆ ಮರೆಗೆ ಸರಿದು, ಉಳಿದದ್ದು ಒಂದು ವಿಚಿತ್ರ ದಂತಕಥೆ. ಶ್ರೀಮಂತನೊಬ್ಬ ಕೂಲಿಯವನ ಚರ್ಮದಿಂದ ಮೂಗು ಮಾಡಿಸಿಕೊಂಡನಂತೆ. ತಿಂಗಳುಗಳ ಮೇಲೆ ಮೂಗು ತಣ್ಣಗಾಗಿ ಕೊಳೆತು ಬಿತ್ತಂತೆ. ವಿಚಾರಿಸಿದರೆ ಆ ಹೊತ್ತಿಗೇ ಕೂಲಿಯವನು ಸತ್ತಿದ್ದನಂತೆ! ಕಥೆ ಕಟ್ಟುಕಥೆಯೇ. ಆದರೆ ಪರರ ಚರ್ಮ ಬಹುಕಾಲ ನಿಲ್ಲದು ಎಂಬ ಅನುಭವದ ನೆರಳು ಅದರಲ್ಲಿದೆ.

ಕಾವಸ್‌ಜಿಯ ವರದಿಯನ್ನು ಗಂಭೀರವಾಗಿ ತೆಗೆದುಕೊಂಡವನು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ. ಶವಗಳ ಮೇಲೆ ದೀರ್ಘ ಕಾಲ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಚೆಲ್ಸಿಯ ಯಾರ್ಕ್ ಆಸ್ಪತ್ರೆಯಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ. ಅರಿವಳಿಕೆ ಮದ್ದು ಇನ್ನೂ ಬಂದಿರದ ಕಾಲ ಅದು. 1816ರಲ್ಲಿ ಅವನು ಬರೆದ ಪುಸ್ತಕದ ಮೂಲಕ ‘ಭಾರತೀಯ ವಿಧಾನ’ ಯೂರೋಪಿನಲ್ಲೆಲ್ಲ ಹಬ್ಬಿತು. 1818ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಗ್ರೇಫ ಇದೇ ವಿಷಯದ ಮೇಲೆ ಗ್ರಂಥ ಬರೆದ. ಹಣೆಯ ಚರ್ಮದಿಂದ ಮೂಗು ಕಟ್ಟುವ ಪದ್ಧತಿ ಸುಧಾರಿಸಿದ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈ ಮೂಗುಗಳು ಶರೀರಶಾಸ್ತ್ರಜ್ಞರಿಗೂ ಒಂದು ಪಾಠ ಕಲಿಸಿದವು. ಹೊಸ ಮೂಗನ್ನು ಮುಟ್ಟಿದರೆ ರೋಗಿ ‘ಹಣೆ ಮುಟ್ಟಿದಿರಿ’ ಎನ್ನುತ್ತಿದ್ದ. ಚರ್ಮ ಜಾಗ ಬದಲಿಸಿದ್ದರೂ ಹುಬ್ಬಿನ ನಡುವಿನ ಪಟ್ಟಿಯೊಳಗಿನ ನರಗಳು ಹಳೆಯ ವಿಳಾಸದಿಂದಲೇ ಸುದ್ದಿ ಕಳಿಸುತ್ತಿದ್ದವು.

ಕಿತ್ತು ನೆಟ್ಟ ಚರ್ಮ

ಇಲ್ಲಿಯವರೆಗಿನದೆಲ್ಲ ರೋಗಿಯ ಸ್ವಂತ ಚರ್ಮ, ಅದೂ ಬಳ್ಳಿಯಂತೆ ಬುಡಕ್ಕೆ ಅಂಟಿಕೊಂಡದ್ದು. ಪೂರ್ತಿ ಕಿತ್ತ ಚರ್ಮವನ್ನು, ಭತ್ತದ ಪೈರು ಕಿತ್ತು ನಾಟಿ ಮಾಡಿದಂತೆ, ಬೇರೆಡೆ ನೆಡಬಹುದೆಂದು ತೋರಿಸಿದವರಲ್ಲಿ ಮುಖ್ಯನಾದವನು ಜಾಕ್ ಲೂಯಿ ರೆವೆರ್ದಾಂ. ಸ್ವಿಟ್ಜರ್ಲೆಂಡಿನವನಾದ ಆತ 1869ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಚರ್ಮದ ಪುಟ್ಟ ಚೂರುಗಳನ್ನು ಚಿವುಟಿ ತೆಗೆದು ಮಾಯದ ಗಾಯದ ಮೇಲಿರಿಸಿದ. ಚೂರುಗಳು ಹತ್ತಿಕೊಂಡು ಸುತ್ತಲೂ ಹಬ್ಬತೊಡಗಿದವು. 1874ರಲ್ಲಿ ಜರ್ಮನಿಯ ಕಾರ್ಲ್ ಟೀರ್ಶ್ ತೆಳುವಾದ ದೊಡ್ಡ ಹಾಳೆಗಳನ್ನೇ ಹೆರೆದು ತೆಗೆಯುವ ವಿಧಾನವನ್ನು ವಿವರಿಸಿದ.

ತೆಳುವಾಗಿದ್ದಷ್ಟೂ ಚರ್ಮ ಚೆನ್ನಾಗಿ ಹತ್ತುತ್ತದೆ. ಮೊದಲ ಒಂದೆರಡು ದಿನ ಗಾಯದಿಂದ ಜಿನುಗುವ ರಸವೇ ಅದಕ್ಕೆ ಆಹಾರ. ಆಮೇಲೆ ಕೆಳಗಿನ ರಕ್ತನಾಳಗಳು ಬಂದು ಕೂಡಿಕೊಳ್ಳುತ್ತವೆ. ಚರ್ಮ ಕೊಟ್ಟ ಜಾಗದ ಗತಿಯೇನು? ಹೊರಚರ್ಮವನ್ನೂ ಒಳಚರ್ಮದ ಮೇಲ್ಭಾಗವನ್ನೂ ಹೆರೆದು ತೆಗೆದರೂ ಆಳದಲ್ಲಿ ಕೂದಲಿನ ಬುಡಗಳು ಉಳಿದಿರುತ್ತವೆ. ಆ ಬುಡಗಳ ಗೋಡೆಯಲ್ಲಿ ಹೊರಚರ್ಮದ ಕೋಶಗಳಿವೆ. ಅವು ಮೇಲೆ ಬಂದು ಹರಡಿಕೊಂಡು ಸುಮಾರು ಎರಡು ವಾರದಲ್ಲಿ ಜಾಗವನ್ನು ಮುಚ್ಚುತ್ತವೆ. ಕುಯ್ದ ಗದ್ದೆಯ ಕೂಳೆ ಮತ್ತೆ ಚಿಗುರಿದ ಹಾಗೆ. ಸುಟ್ಟಗಾಯ ಆಳವಾಗಿ ಕೂದಲಿನ ಬುಡವೂ ಸುಟ್ಟುಹೋದಾಗ ಈ ಚಿಗುರುವ ಶಕ್ತಿ ಇರುವುದಿಲ್ಲ. ಆಗಲೇ ಕಸಿ ಬೇಕಾಗುವುದು.

ಸ್ವಂತ ಚರ್ಮ ಹತ್ತುವುದಾದರೆ ಪರರದೇಕೆ ಹತ್ತಬಾರದು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ವೈದ್ಯರು ಗೆಳೆಯರ, ನೆಂಟರ, ದಾದಿಯರ ಚರ್ಮವನ್ನು ಧಾರಾಳವಾಗಿ ಬಳಸಿದರು. ಬೆಂಗಳೂರಿನ ದಂಡಿನಲ್ಲಿ 1896ರಿಂದ ಕಿರಿಯ ಅಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ 1898ರಲ್ಲಿ ಸುಡಾನಿನ ಓಮ್‌ಡರ್ಮನ್ ಯುದ್ಧಕ್ಕೆ ಹೋಗಿದ್ದ. ಅಲ್ಲಿ ಗಾಯಗೊಂಡ ಗೆಳೆಯ ರಿಚರ್ಡ್ ಮಾಲಿನೊಗೆ ತನ್ನ ಮುಂಗೈಯ ಚರ್ಮದ ಒಂದು ತುಂಡನ್ನು ಕೊಟ್ಟ. ಆ ಚರ್ಮ ಗೆಳೆಯನ ಕೈಯಲ್ಲಿ ಇಂದಿಗೂ ಇದೆ ಎಂದು 1930ರ ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡ. ಇಂದಿನ ತಿಳಿವಳಿಕೆಯ ಪ್ರಕಾರ ಆ ತುಂಡು ಕೆಲವು ವಾರಗಳಾಚೆ ಉಳಿದಿರಲಾರದು. ಅದರ ಆಸರೆಯಲ್ಲಿ ಗೆಳೆಯನ ಸ್ವಂತ ಚರ್ಮವೇ ಅಂಚಿನಿಂದ ಬೆಳೆದು ಗಾಯ ಮುಚ್ಚಿರಬೇಕು. ಅನೇಕ ವೈದ್ಯರನ್ನು ದಾರಿತಪ್ಪಿಸಿದ್ದೂ ಇದೇ.

ಅಣ್ಣತಮ್ಮಂದಿರೂ ಪರಕೀಯರೇ

ಗೊಂದಲ ತೀರಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಕ್ಸ್‌ಫರ್ಡಿನಲ್ಲಿ ಪೀಟರ್ ಮೆಡಾವರ್ ಎಂಬ ಯುವ ಪ್ರಾಣಿಶಾಸ್ತ್ರಜ್ಞನ ಮನೆಯ ಸಮೀಪವೇ ವಿಮಾನವೊಂದು ಬಿದ್ದು, ಅದರಲ್ಲಿದ್ದ ಯೋಧ ಭೀಕರವಾಗಿ ಸುಟ್ಟುಹೋದ. ಅವನಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಮೆಡಾವರನ ಸಲಹೆ ಕೇಳಿದರು. ಸ್ವಂತ ಚರ್ಮ ಸಾಲದು, ಪರರದು ನಿಲ್ಲದು. ಈ ಸಮಸ್ಯೆ ಮೆಡಾವರನನ್ನು ಗ್ಲಾಸ್ಗೋ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ಒಯ್ದಿತು.

ಅಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಸೇರಿ ಸುಟ್ಟಗಾಯವಾಗಿದ್ದ ಒಬ್ಬ ಯುವತಿಯ ಮೇಲೆ ಎರಡು ಬಗೆಯ ಚರ್ಮದ ಚೂರುಗಳನ್ನು ನೆಟ್ಟ. ಕೆಲವು ಆಕೆಯವೇ, ಕೆಲವು ಆಕೆಯ ಸೋದರನವು. ಮೊದಲ ದಿನಗಳಲ್ಲಿ ಎರಡೂ ಒಂದೇ ಬಗೆಯಾಗಿ ಹತ್ತಿಕೊಂಡವು. ಆಮೇಲೆ ಸೋದರನ ಚೂರುಗಳು ಊದಿಕೊಂಡು, ಕೊಳೆತು, ಇಲ್ಲವಾದವು. ಸೋದರನ ಚರ್ಮವನ್ನೇ ಎರಡನೆಯ ಬಾರಿ ನೆಟ್ಟಾಗ ಅದು ಮೊದಲಿಗಿಂತ ಬೇಗನೆ ನಾಶವಾಯಿತು. ಈ ‘ಬೇಗನೆ’ ಎಂಬುದೇ ಸುಳಿವು. ಒಮ್ಮೆ ಸಿಡುಬು ಬಂದವರ ಮೈ ಅದನ್ನು ನೆನಪಿಟ್ಟುಕೊಳ್ಳುವಂತೆ, ಯುವತಿಯ ಮೈ ಸೋದರನ ಚರ್ಮವನ್ನು ನೆನಪಿಟ್ಟುಕೊಂಡಿತ್ತು. ಅಂದರೆ ಚರ್ಮವನ್ನು ಹೊರದೂಡಿದ್ದು ಗಾಯದ ದೋಷವಲ್ಲ, ವೈದ್ಯನ ಕೈಯ ದೋಷವೂ ಅಲ್ಲ. ಅದು ರೋಗನಿರೋಧಕ ಶಕ್ತಿಯ ಕೆಲಸ. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು.

ನಮ್ಮ ಕೋಶಗಳ ಮೈಮೇಲೆ ರಾಸಾಯನಿಕ ಗುರುತುಗಳಿವೆ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಅವಳಿಗಳನ್ನು ಬಿಟ್ಟರೆ ಯಾವ ಇಬ್ಬರಲ್ಲಿಯೂ ಅವು ಪೂರ್ತಿ ಒಂದೇ ಆಗಿರುವುದಿಲ್ಲ. ಮನುಷ್ಯರು ಚರ್ಮದಲ್ಲಿ ಹುಡುಕುವ ಭೇದಕ್ಕೂ ಚರ್ಮವೇ ಬಲ್ಲ ಭೇದಕ್ಕೂ ಸಂಬಂಧವಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪ್ರಮಾಣ, ಬಗೆಗಳಲ್ಲಷ್ಟೇ ವ್ಯತ್ಯಾಸ. ಕಸಿಯ ಮಟ್ಟಿಗೆ ಬಣ್ಣ, ಕುಲ, ಗೋತ್ರ ಯಾವುದೂ ಲೆಕ್ಕಕ್ಕಿಲ್ಲ. ಒಡಹುಟ್ಟಿದವನ ಚರ್ಮವನ್ನೂ ದೇಹ ದಾರಿಹೋಕನ ಚರ್ಮದಂತೆಯೇ ಹೊರಗಟ್ಟುತ್ತದೆ.

ಹಾಗಾದರೆ ದೇಹಕ್ಕೆ ಸಹನೆ ಕಲಿಸಲು ಸಾಧ್ಯವೇ ಇಲ್ಲವೇ? ಇದೆ ಎಂದು ಮೊದಲು ಸೂಚಿಸಿದ್ದು ದನಗಳು. ಬೇರೆ ಬೇರೆ ಭ್ರೂಣಗಳಿಂದ ಹುಟ್ಟಿದ ಅವಳಿ ಕರುಗಳೂ ಪರಸ್ಪರರ ಚರ್ಮವನ್ನು ಒಪ್ಪಿಕೊಳ್ಳುವುದನ್ನು ಮೆಡಾವರ್ ಮತ್ತು ರೂಪರ್ಟ್ ಬಿಲ್ಲಿಂಗ್‌ಹ್ಯಾಂ ಕಂಡರು. ಗರ್ಭದಲ್ಲಿದ್ದಾಗಲೇ ಅವುಗಳ ರಕ್ತ ಬೆರೆತಿರುತ್ತದೆ ಎಂಬುದೇ ಕಾರಣ. ಇದನ್ನೇ ಅನುಸರಿಸಿ 1953ರಲ್ಲಿ, ಹುಟ್ಟುವ ಮೊದಲೇ ಪರಕೋಶಗಳನ್ನು ಪಡೆದ ಇಲಿಗಳು ಮುಂದೆ ಆ ಪರಚರ್ಮವನ್ನು ಸಹಿಸುತ್ತವೆ ಎಂದು ತೋರಿಸಿದರು. 1960ರಲ್ಲಿ ಮೆಡಾವರನಿಗೆ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ನೊಬೆಲ್ ಬಹುಮಾನ ಬಂತು.

ಇತ್ತ ಅಮೆರಿಕದಲ್ಲಿ, ಯುದ್ಧದಲ್ಲಿ ಸುಟ್ಟುಹೋದ ಸೈನಿಕರಿಗೆ ಚರ್ಮ ಕಸಿ ಮಾಡುತ್ತ ಇದೇ ಪ್ರಶ್ನೆಗೆ ಸಿಕ್ಕಿಬಿದ್ದವನು ಜೋಸೆಫ್ ಮರ್ರೆ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಅವನ ತಂಡ ಅವಳಿ ಸೋದರರೊಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿತು. ಅವರು ನಿಜವಾಗಿಯೂ ಏಕಭ್ರೂಣದ ಅವಳಿಗಳೇ ಎಂಬುದನ್ನು ಖಾತರಿ ಮಾಡಿಕೊಳ್ಳಲು ಮೊದಲು ಚರ್ಮದ ಚೂರೊಂದನ್ನು ಕಸಿ ಮಾಡಿ ನೋಡಲಾಗಿತ್ತು. ಚರ್ಮ ಒಪ್ಪಿತು, ಆಮೇಲೆ ಮೂತ್ರಪಿಂಡವೂ ಒಪ್ಪಿತು. ಮರ್ರೆಗೆ 1990ರಲ್ಲಿ ನೊಬೆಲ್ ಸಂದಿತು. ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಬಂದಂತೆ ಅನ್ಯರ ಅಂಗಗಳ ಕಸಿಯೂ ಸಾಧ್ಯವಾಯಿತು.

ಗಡಿ ಕಾಯುವ ಕೋಶಗಳು

ಪರರ ಮೂತ್ರಪಿಂಡ ಔಷಧಗಳ ಬಲದಿಂದ ವರ್ಷಾನುಗಟ್ಟಲೆ ನಿಲ್ಲುವಾಗ ಪರರ ಚರ್ಮ ಇಂದಿಗೂ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಇದಕ್ಕೊಂದು ಮುಖ್ಯ ಕಾರಣ ಹೊರಚರ್ಮದಲ್ಲಿಯೇ ಇದೆ. 1868ರಲ್ಲಿ ಬರ್ಲಿನ್ನಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಪಾಲ್ ಲಾಂಗರ್‌ಹಾನ್ಸ್, ಚಿನ್ನದ ಲವಣದಿಂದ ಚರ್ಮಕ್ಕೆ ಬಣ್ಣ ಹಾಕಿ ನೋಡಿದಾಗ ಕೈಚಾಚಿದಂತಿರುವ ಕೋಶಗಳನ್ನು ಕಂಡ. ಅವು ನರಕೋಶಗಳೆಂದು ಭಾವಿಸಿದ. ಮಧುಮೇಹದ ಬಗ್ಗೆ ಓದಿದವರಿಗೆ ಮೇದೋಜೀರಕ ಗ್ರಂಥಿಯ ‘ಲಾಂಗರ್‌ಹಾನ್ಸ್ ದ್ವೀಪಗಳು’ ಗೊತ್ತಿರಬಹುದು. ಹೆಸರು ಇದೇ ಮನುಷ್ಯನದು.

ಚರ್ಮದ ಆ ಕೋಶಗಳ ನಿಜವಾದ ಕೆಲಸ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಅವು ನರಗಳಲ್ಲ, ಕಾವಲುಗಾರರು. ಒಳನುಸುಳಿದ ವಸ್ತುವಿನ ತುಣುಕನ್ನು ಹಿಡಿದು, ಒಳಗಿನ ದುಗ್ಧಗ್ರಂಥಿಗಳಿಗೆ ಒಯ್ದು, ನಿರೋಧಕ ಪಡೆಗೆ ತೋರಿಸುವುದು ಅವುಗಳ ಕೆಲಸ. ಚರ್ಮವನ್ನು ಕಸಿ ಮಾಡಿದಾಗ ಅದರೊಂದಿಗೆ ದಾನಿಯ ಈ ಕೋಶಗಳೂ ಬರುತ್ತವೆ. ಪಡೆದವನ ನಿರೋಧಕ ಪಡೆಗೆ ಅವೇ ಪರಕೀಯತೆಯ ಸಾಕ್ಷಿ. ಗಡಿ ಕಾಯುವ ಅಂಗಕ್ಕೆ ಗಡಿ ದಾಟುವುದು ಕಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕಷ್ಟವನ್ನು ಬಳಸಿಕೊಂಡು ಹೋಗುವ ಇನ್ನೊಂದು ದಾರಿ ರೋಗಿಯ ಸ್ವಂತ ಚರ್ಮವನ್ನೇ ಬೆಳೆಸುವುದು. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಹೊರಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನ ಕಂಡುಹಿಡಿದರು. 2015ರಲ್ಲಿ ಜರ್ಮನಿಯಲ್ಲಿ, ಮುಟ್ಟಿದರೆ ಚರ್ಮ ಕಿತ್ತುಬರುವ ಆನುವಂಶಿಕ ಕಾಯಿಲೆಯ ಏಳು ವರ್ಷದ ಬಾಲಕನಿಗೆ, ಅವನದೇ ಕೋಶಗಳ ದೋಷವನ್ನು ತಿದ್ದಿ ಬೆಳೆಸಿದ ಚರ್ಮವನ್ನು ಮೈಯ ಸುಮಾರು ಶೇಕಡಾ 80ರಷ್ಟು ಭಾಗಕ್ಕೆ ಹಾಕಿ ಉಳಿಸಿದರು. ಆದರೆ ಇದು ಬಹಳ ದುಬಾರಿಯ ವಿದ್ಯೆ. ಚರ್ಮ ಬೆಳೆಯಲು ವಾರಗಳೂ ಬೇಕು.

ಕೆಲವು ವಾರಗಳ ಸಾಲ

ದೊಡ್ಡ ಸುಟ್ಟಗಾಯದ ರೋಗಿಗೆ ಆ ವಾರಗಳನ್ನು ದಾಟುವುದೇ ಕಷ್ಟ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದ��� ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಡುಗೆಮನೆಯ ಒಲೆಯ ಮುಂದೆ ಸೆರಗಿಗೆ ಬೆಂಕಿ ತಗುಲಿದ ಹೆಂಗಸರು, ಕುದಿಯುವ ನೀರು ಮೈಮೇಲೆ ಸುರಿದುಕೊಂಡ ಮಕ್ಕಳು ಇವರಲ್ಲಿದ್ದಾರೆ. ಮೈಯ ಅರ್ಧ ಭಾಗ ಸುಟ್ಟವರಿಗೆ ಸ್ವಂತ ಚರ್ಮ ತೆಗೆಯಲು ಉಳಿದಿರುವ ಜಾಗವೇ ಕಡಿಮೆ.

ಇಲ್ಲಿ ಪರರ ಚರ್ಮ ಉಪಯೋಗಕ್ಕೆ ಬರುತ್ತದೆ. ಅದು ಶಾಶ್ವತವಾಗಿ ನಿಲ್ಲದು, ನಿಲ್ಲಬೇಕಾಗಿಯೂ ಇಲ್ಲ. ಎರಡು ಮೂರು ವಾರ ಗಾಯವನ್ನು ಮುಚ್ಚಿದರೆ ಸಾಕು. ಅಷ್ಟರಲ್ಲಿ ದ್ರವ ಸೋರುವುದು ನಿಂತು, ಸೋಂಕು ತಗ್ಗಿ, ನೋವು ಕಡಿಮೆಯಾಗಿ, ರೋಗಿಯ ಸ್ವಂತ ಚರ್ಮವನ್ನು ಕಂತು ಕಂತಾಗಿ ತೆಗೆದು ಹಾಕಲು ಸಮಯ ಸಿಗುತ್ತದೆ. ದೇಹ ಕೊನೆಗೆ ಹೊರದೂಡುವ ಚರ್ಮವೇ ಪ್ರಾಣ ಉಳಿಸಿರುತ್ತದೆ.

ಈ ಉದ್ದೇಶಕ್ಕೆ ಇರುವುದೇ ಚರ್ಮ ಬ್ಯಾಂಕು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 2000ದಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಇಂಥ ಬ್ಯಾಂಕುಗಳು ಆರಂಭವಾದವು. ಮರಣಾನಂತರ ಸುಮಾರು ಆರು ಗಂಟೆಗಳೊಳಗೆ, ಮನೆಯವರ ಒಪ್ಪಿಗೆಯಿಂದ, ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಪದರವನ್ನು ಮಾತ್ರ ತೆಗೆಯುತ್ತಾರೆ. ಚರ್ಮವನ್ನು ಪೂರ್ತಿ ಸುಲಿಯುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಮೊದಲೇ ಹೇಳಿದಂತೆ ತೆಳುವಾದಷ್ಟೂ ಒಳ್ಳೆಯದು. ಆಮೇಲೆ ಬಟ್ಟೆ ಕಟ್ಟಿ ದೇಹವನ್ನು ಒಪ್ಪಿಸುತ್ತಾರೆ, ಮುಖ ಮುಟ್ಟುವುದಿಲ್ಲ. ಮೂತ್ರಪಿಂಡದಂತೆ ಮಿದುಳು ಸತ್ತ ಸ್ಥಿತಿಗೆ ಕಾಯಬೇಕಾಗಿಲ್ಲ. ರಕ್ತದ ಗುಂಪು ಹೊಂದಬೇಕೆಂಬ ನಿಯಮವೂ ಇಲ್ಲ. ಏಡ್ಸ್ ವೈರಸ್, ಕಾಮಾಲೆಯ ಬಿ ಮತ್ತು ಸಿ ವೈರಸ್, ಚರ್ಮದ ಕ್ಯಾನ್ಸರ್, ರಕ್ತದ ನಂಜು ಇದ್ದವರದನ್ನು ಸ್ವೀಕರಿಸುವುದಿಲ್ಲ. ತೆಗೆದ ಚರ್ಮವನ್ನು ಗ್ಲಿಸರಾಲಿನಲ್ಲಿ ಸಂಸ್ಕರಿಸಿ ತಂಪಿನಲ್ಲಿಟ್ಟರೆ ಐದು ವರ್ಷದವರೆಗೂ ಬಳಸಬಹುದು. 1994ರ ಅಂಗಾಂಗ ಕಸಿ ಕಾನೂನಿಗೆ 2011ರಲ್ಲಿ ತಂದ ತಿದ್ದುಪಡಿಯಿಂದ ಚರ್ಮದಂಥ ಅಂಗಾಂಶಗಳೂ ಅದರ ವ್ಯಾಪ್ತಿಗೆ ಬಂದಿವೆ.

ಕಣ್ಣಿನ ದಾನದ ಮಾತನ್ನು ನಮ್ಮ ಜನ ಒಪ್ಪಿಕೊಂಡಿದ್ದಾರೆ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ಅದಕ್ಕೆ ದೊಡ್ಡ ಬಲ ಕೊಟ್ಟಿತು. ಚರ್ಮದ ದಾನದ ಹೆಸರೆತ್ತಿದರೆ ಮಾತ್ರ ಇನ್ನೂ ಹಿಂಜರಿಕೆ. ಸಾವಿನ ಮನೆಯಲ್ಲಿ ಇಂಥ ಮಾತು ಎತ್ತುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಬದುಕಿರುವಾಗಲೇ ಮನೆಯವರೊಡನೆ ಕುಳಿತು ಹೇಳಿಡುವುದು ಒಳ್ಳೆಯದು. ಹರಳಯ್ಯ ದಂಪತಿ ಬದುಕಿದ್ದಾಗಲೇ ತೊಡೆಯ ಚರ್ಮ ಕೊಟ್ಟರೆಂದು ಕಥೆ. ಇಂದು ಕೇಳುತ್ತಿರುವುದು ಸತ್ತ ಮೇಲೆ, ಅದೂ ತೆಳುವಾದ ಒಂದು ಪದರವನ್ನು, ಸುಟ್ಟಗಾಯದ ವಾರ್ಡಿನಲ್ಲಿ ಮಲಗಿರುವ ಯಾರಿಗೋ.